ನಮ್ಮ ದಾರಿಯಲ್ಲಿ ನಿಲ್ಲಲು ಜಾಗ ಕೊಡಿ: ಕೋಲಾರ ಜಿಲ್ಲಾಡಳಿತಕ್ಕೆ ಒಬ್ಬ ಟ್ಯಾಕ್ಸಿ ಚಾಲಕನ ಬಹಿರಂಗ ಪತ್ರ

ಮಾನ್ಯ ಕೋಲಾರ ಜಿಲ್ಲಾಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಯವರಿಗೆ, ಹೆದ್ದಾರಿ ನೋಡಿಕೊಳ್ಳುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಮುಳಬಾಗಿಲಿನವನು. 23 ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಮೊದಲು ಅಂಬಾಸಿಡರ್, ಆಮೇಲೆ ಸುಮೋ, ಈಗ ಇನ್ನೋವಾ. ನನಗೆ ಬರುವ ಬಾಡಿಗೆಯಲ್ಲಿ ಮುಕ್ಕಾಲು ಪಾಲು ತಿರುಪತಿಯದೇ. ಬೆಂಗಳೂರು ಬಿಟ್ಟರೆ ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲು, ನಂಗಲಿ. ಅಲ್ಲಿಂದ ಆಚೆ ಆಂಧ್ರ. ಈ ದಾರಿಯ ಒಂದೊಂದು ತಿರುವು, ಒಂದೊಂದು ಟೀ ಅಂಗಡಿ ನನಗೆ ಗೊತ್ತು. ಆ ಸಲುಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಹೋದ ವರ್ಷ ಕಾರ್ತಿಕದಲ್ಲಿ ಬೆಂಗಳೂರಿನ ಒಬ್ಬ ಅಜ್ಜ ಅಜ್ಜಿಯನ್ನು ತಿರುಪತಿಗೆ ಕರೆದುಕೊಂಡು ಹೊರಟಿದ್ದೆ. ಅಜ್ಜನಿಗೆ ಎಂಬತ್ತು ದಾಟಿರಬೇಕು. ಹೊಸಕೋಟೆ ಹತ್ತಿರ ನನ್ನ ಊರು ಯಾವುದು ಅಂತ ಕೇಳಿದರು. ಮುಳಬಾಗಿಲು ಅಂದೆ. ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಮುಂದಕ್ಕೆ ಬಗ್ಗಿದರು.

"ನಿಮ್ಮೂರು ಇನ್ನೂ ಇದೆಯೇನಪ್ಪ?" ಅಂದರು.

ನನಗೆ ಅರ್ಥ ಆಗಲಿಲ್ಲ. ಆಮೇಲೆ ಹೇಳಿದರು. ಮದುವೆಯಾದ ಹೊಸದರಲ್ಲಿ ಇಬ್ಬರೂ ಬಸ್ಸಿನಲ್ಲಿ ತಿರುಪತಿಗೆ ಹೋಗಿದ್ದರಂತೆ. ಮುಳಬಾಗಿಲಿನಲ್ಲಿ ಬಸ್ಸು ನಿಂತಾಗ ದೋಸೆ ತಿಂದರಂತೆ. ಹೋಟೆಲಿನ ಮುಂದೆ ಕಲ್ಲಿನ ಜಗಲಿ ಇತ್ತು, ಅದರ ಮೇಲೆ ಕೂತು ಒಂದೇ ಎಲೆಯಲ್ಲಿ ಇಬ್ಬರೂ ತಿಂದರಂತೆ. ಈಚೆಗೆ ಮಗನ ಕಾರಿನಲ್ಲಿ ಮೂರು ಸಲ ತಿರುಪತಿಗೆ ಹೋಗಿದ್ದಾರೆ. ಮೂರು ಸಲವೂ ಅಜ್ಜಿ ಕಿಟಕಿ ಪಕ್ಕ ಕೂತು ಮುಳಬಾಗಿಲಿಗಾಗಿ ಕಾದಿದ್ದಾರೆ. ಊರು ಬರಲೇ ಇಲ್ಲ. ನೋಡಿದರೆ ನಂಗಲಿ ಬಂದುಬಿಟ್ಟಿತ್ತು.

ಅವರ ಕಣ್ಣಿನದೇನೂ ತಪ್ಪಿಲ್ಲ. ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಬೈಪಾಸ್‌ನಲ್ಲಿ 80ರಲ್ಲಿ ಹೋಗುವವರಿಗೆ ಬಂಡೆಗಳ ಬೆಟ್ಟ ಕಾಣುತ್ತದೆ, ಊರು ಕಾಣುವುದಿಲ್ಲ. ನಾನು ಗಾಡಿ ಒಳಗೆ ತಿರುಗಿಸಿದೆ. ನನಗೆ ಗೊತ್ತಿದ್ದ ಹಳೆಯ ಹೋಟೆಲಿಗೆ ಕರೆದುಕೊಂಡು ಹೋದೆ. ಅಜ್ಜ ಇಳಿದವರೇ ಜಗಲಿ ಹುಡುಕಿದರು. ಜಗಲಿ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಹೋಗಿತ್ತು. ಅಲ್ಲಿ ಈಗ ಚರಂಡಿಯ ಚಪ್ಪಡಿ ಇದೆ. ಅಜ್ಜ ಆ ಚಪ್ಪಡಿಯ ಮೇಲೆ ಸ್ವಲ್ಪ ಹೊತ್ತು ನಿಂತರು. ಅಜ್ಜಿ ಒಳಗೆ ಹೋಗಿ ಕೂತು, ದೋಸೆ ಬಂದ ಮೇಲೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, "ರೀ, ಬನ್ನಿ. ಚಟ್ನಿ ಅದೇ" ಅಂತ ಕೂಗಿದರು.

ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮುಳಬಾಗಿಲು ದೋಸೆ ತಿನ್ನದವರಿಗೆ ಸ್ವಲ್ಪ ಹೇಳಬೇಕು. ನೀವು ಬೇರೆ ಜಿಲ್ಲೆಯಿಂದ ಬಂದವರಾಗಿದ್ದರೆ ನಿಮಗೂ ಹೊಸದಾಗಿರಬಹುದು. ಇದು ಪೇಪರ್ ದೋಸೆಯ ಹಾಗೆ ಅಗಲಕ್ಕೆ ಎಳೆಯುವ ದೋಸೆ ಅಲ್ಲ. ಸಣ್ಣದು, ದಪ್ಪ. ಹಿಟ್ಟು ಚೆನ್ನಾಗಿ ಹುಳಿ ಬಂದಿರಬೇಕು. ಕಾದ ಕಾವಲಿಯ ಮೇಲೆ ಹುಯ್ದು, ಜಾಸ್ತಿ ತಿರುವದೆ ಬಿಟ್ಟುಬಿಡುತ್ತಾರೆ. ತುಪ್ಪಕ್ಕೆ ಕೈ ಹಿಡಿಯುವುದಿಲ್ಲ. ತಳ ಕೆಂಪಗೆ ಗರಿಯಾಗುತ್ತದೆ, ಮೇಲ್ಭಾಗ ತೂತು ತೂತಾಗಿ ಮೆತ್ತಗೆ ಉಳಿಯುತ್ತದೆ. ಒಳಗೆ ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಟ್ಟು ಮಡಿಸುತ್ತಾರೆ. ಒಂದೇ ತುತ್ತಿನಲ್ಲಿ ಗರಿಯೂ ಸಿಗಬೇಕು, ಮೆತ್ತಗೂ ಸಿಗಬೇಕು. ಅದಕ್ಕೆ ಕಾವಲಿಯೇ ಮುಖ್ಯ. ವರ್ಷಗಟ್ಟಲೆ ಎಣ್ಣೆ ಕುಡಿದ ಕಬ್ಬಿಣದ ಕಾವಲಿ ಬೇಕು. ನಮ್ಮ ಊರಿನ ಒಬ್ಬ ದೋಸೆ ಭಟ್ಟರು ಹೋಟೆಲ್ ಜಾಗ ಬದಲಾಯಿಸಿದಾಗ ಮೊದಲು ಹೊತ್ತುಕೊಂಡು ಹೋಗಿದ್ದು ಕಾವಲಿಯನ್ನು. ಉಳಿದ ಸಾಮಾನು ಆಮೇಲೆ ಗಾಡಿಯಲ್ಲಿ ಬಂತು.

ಬೆಂಗಳೂರಿನಲ್ಲಿ ಎಷ್ಟು ಕಡೆ "ಮುಳಬಾಗಿಲು ದೋಸೆ" ಅಂತ ಬೋರ್ಡ್ ಇದೆ ನೋಡಿ. "ಬಂಗಾರಪೇಟೆ ಪಾನಿಪುರಿ" ಅಂತ ಎಷ್ಟು ಗಾಡಿಗಳಿವೆ ನೋಡಿ. ನಮ್ಮ ಜಿಲ್ಲೆಯ ಎರಡು ಊರುಗಳ ಹೆಸರು ಹೇಳಿಕೊಂಡು ರಾಜಧಾನಿಯಲ್ಲಿ ನೂರಾರು ಜನ ಬದುಕುತ್ತಿದ್ದಾರೆ. ಬದುಕಲಿ, ಸಂತೋಷ. ಆದರೆ ಆ ದೋಸೆ ಹುಟ್ಟಿದ ಊರಿನ ತಿರುವಿನಲ್ಲಿ ಇಲ್ಲಿ ದೋಸೆ ಸಿಗುತ್ತದೆ ಅಂತ ಒಂದು ಬೋರ್ಡ್ ಇಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ನಮ್ಮ ಊರಿನ ಹೆಸರಿನಲ್ಲೇ ಬಾಗಿಲಿದೆ. ಮೂಡಣ ಬಾಗಿಲು, ಅಂದರೆ ಪೂರ್ವದ ಬಾಗಿಲು. ಪೂರ್ವದ ಕಡೆಯಿಂದ ಬರುವವರು ಕನ್ನಡನಾಡಿಗೆ ಕಾಲಿಡುತ್ತಿದ್ದದ್ದು ಇಲ್ಲೇ. ಸೈನ್ಯಗಳೂ ಇದೇ ದಾರಿಯಲ್ಲಿ ಬಂದವು. 1768ರಲ್ಲಿ ಹೈದರಾಲಿಯ ಪಡೆಗೂ ಇಂಗ್ಲಿಷರಿಗೂ ನಮ್ಮ ಬೆಟ್ಟದ ಬಂಡೆಗಳ ನಡುವೆಯೇ ಕಾಳಗ ನಡೆಯಿತು. ಯಾತ್ರೆಯವರೂ ಇದೇ ದಾರಿಯಲ್ಲಿ ಬಂದರು. ತಿರುಪತಿಗೆ ಹೋಗುವವರು ಊರೊಳಗಿನ ಆಂಜನೇಯಸ್ವಾಮಿಗೆ ಕೈ ಮುಗಿದು ಮುಂದೆ ಹೋಗುವುದು ಹಳೆಯ ರೂಢಿ. ಆ ಆಂಜನೇಯನನ್ನು ಅರ್ಜುನ ಪ್ರತಿಷ್ಠೆ ಮಾಡಿದ ಅಂತ ಹಿರಿಯರು ಹೇಳುತ್ತಾರೆ. ಪಕ್ಕದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ. ಊರಿನಲ್ಲಿ ಬಾಬಾ ಹೈದರ್ ವಲಿ ದರ್ಗಾ. ಬಂದವರಿಗೆ ಛತ್ರ, ಕಲ್ಲುಮಂಟಪ, ಕುಡಿಯುವ ನೀರಿನ ಅರವಟ್ಟಿಗೆ. ತಲೆಹೊರೆ ಹೊತ್ತು ನಡೆಯುವವರಿಗಾಗಿ ಹೊರೆ ಇಳಿಸುವ ಕಲ್ಲುಗಳನ್ನು ದಾರಿ ಬದಿಯಲ್ಲಿ ನಿಲ್ಲಿಸುತ್ತಿದ್ದ ಕಾಲವದು. ಎರಡು ಉದ್ದ ಕಲ್ಲು, ಮೇಲೊಂದು ಅಡ್ಡ ಕಲ್ಲು. ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ, ಮತ್ತೆ ತಾನೇ ಹೊತ್ತುಕೊಳ್ಳುವಷ್ಟು ಎತ್ತರ.

ಆ ಕಲ್ಲು ನೆಟ್ಟವರು ನಡೆಯುವವನ ಹೆಗಲನ್ನು ಯೋಚನೆ ಮಾಡಿದ್ದರು. ಈಗ ರಸ್ತೆ ಮಾಡುವಾಗ ಯಾರ ಬಗ್ಗೆ ಯೋಚನೆ ಮಾಡುತ್ತೇವೆ?

ನಾನು ಹೊಸ ರಸ್ತೆಗೆ ವಿರೋಧಿ ಅಲ್ಲ. ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಹಳೆಯ ರಸ್ತೆಯಲ್ಲಿ ರಾತ್ರಿ ಲಾರಿಗಳ ಎದುರು ಗಾಡಿ ಓಡಿಸಿದವನು ನಾನು. ಎದುರಿನ ಲೈಟಿಗೆ ಕಣ್ಣು ಕಟ್ಟಿ ಹುಣಸೆ ಮರಕ್ಕೆ ಗುದ್ದಿದ ಗಾಡಿಗಳನ್ನು ಕಂಡಿದ್ದೇನೆ. ನಾಲ್ಕು ಪಥ ಆದ ಮೇಲೆ ಜೀವ ಉಳಿದಿವೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಕೂಡ ನಮ್ಮ ಜಿಲ್ಲೆಯ ಮೂಲಕವೇ ಹೋಗುತ್ತದೆ. ಒಟ್ಟು ಸುಮಾರು 260 ಕಿ.ಮೀ. ಇದ್ದು, ಕರ್ನಾಟಕದ ಪಾಲು ಸುಮಾರು 71 ಕಿ.ಮೀ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆ. 2024ರ ಕೊನೆಯಿಂದ ಈ ಭಾಗದಲ್ಲಿ ಗಾಡಿಗಳು ಓಡುತ್ತಿವೆ. ರಸ್ತೆ ಬೆಣ್ಣೆಯ ಹಾಗಿದೆ. ಆದರೆ ಎರಡೂ ಕಡೆ ಬೇಲಿ. ಹತ್ತಿದರೆ ಇಳಿಯುವ ದಾರಿ ಬರುವ ತನಕ ಇಳಿಯುವ ಹಾಗಿಲ್ಲ. ಬೇಲಿಯ ಆಚೆ ರಾಗಿ ಹೊಲ, ಮಾವಿನ ತೋಪು, ಟೊಮೆಟೊ ತೋಟ. ಈಚೆ ನಾವು. ಅದರಲ್ಲಿ ಬಹುಪಾಲು ನಮ್ಮ ಜಿಲ್ಲೆಯಲ್ಲೇ ಓಡಿದರೂ ನಮ್ಮ ಜಿಲ್ಲೆಯ ಒಂದು ಲೋಟ ಟೀ ಕುಡಿಯದೆ ದಾಟಬಹುದು.

ಚೆನ್ನೈ ಗಾಡಿಗಳು ಆ ಕಡೆ ಹೋಗುತ್ತವೆ. ತಿರುಪತಿ ಗಾಡಿಗಳು ಬೈಪಾಸ್‌ನಲ್ಲಿ ಹೋಗುತ್ತವೆ. ಊರೊಳಗಿನ ಹಳೆಯ ಹೋಟೆಲಿಗೆ ಉಳಿಯುವವರು ಯಾರು? ತಾಲ್ಲೂಕು ಕಚೇರಿಗೆ ಬಂದವರು, ಸಂತೆಗೆ ಬಂದವರು, ನಮ್ಮಂಥವರು. ಅವರಿಂದ ಹೋಟೆಲ್ ನಡೆಯುತ್ತದೆ, ನಿಜ. ಆದರೆ ಮಗನಿಗೆ ಇದೇ ಕಸುಬು ಮುಂದುವರಿಸು ಅಂತ ಹೇಳುವ ಧೈರ್ಯ ಬರುವುದಿಲ್ಲ. ನನಗೆ ಗೊತ್ತಿರುವ ಒಂದು ಹೋಟೆಲಿನ ಯಜಮಾನರ ಮಗ ನರಸಾಪುರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ತಪ್ಪೇನಿಲ್ಲ, ತಿಂಗಳ ಸಂಬಳ ಬರುತ್ತದೆ. ಆದರೆ ಆ ಚಟ್ನಿಯ ಹದ ಅವನ ಅಪ್ಪನ ಕೈಯಲ್ಲೇ ನಿಂತುಹೋಗುತ್ತದೆ.

ಬಂಗಾರಪೇಟೆಯ ಕಥೆ ಬೇರೆ. ಅಲ್ಲಿ ಹೋಟೆಲಿಗಿಂತ ತಳ್ಳುಗಾಡಿ ಮುಖ್ಯ. ಮೊದಲು ಬೌರಿಂಗ್‌ಪೇಟೆ ಅಂತಿದ್ದ ಊರು, ಬೌರಿಂಗ್ ಅನ್ನುವ ಮೈಸೂರಿನ ಕಮಿಷನರ್ ಹೆಸರು. ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ರೈಲು ಕವಲೊಡೆಯುವ ಜಂಕ್ಷನ್. ಸಂಜೆಯಾದರೆ ಪಾನಿಪುರಿ ಗಾಡಿಗಳ ಮುಂದೆ ಜನ ನಿಲ್ಲುತ್ತಾರೆ. ಬೇರೆ ಕಡೆ ಪಾನಿ ಅಂದರೆ ಹಸಿರು, ಇಲ್ಲವೇ ಹುಣಸೆಯ ಬಣ್ಣ. ಇಲ್ಲಿ ಪಾನಿಗೆ ಬಣ್ಣವೇ ಇಲ್ಲ. ನೋಡಿದರೆ ಸುಮ್ನೆ ಕುಡಿಯುವ ನೀರು. ಬಾಯಿಗೆ ಹಾಕಿಕೊಂಡರೆ ಖಾರ ಕಿವಿಯ ತನಕ ಹೋಗುತ್ತದೆ. ಹೊರ ಊರಿನ ಪಾರ್ಟಿಗಳನ್ನು ಕರೆದುಕೊಂಡು ಹೋದಾಗ ನಾನು ಮೊದಲೇ ಏನೂ ಹೇಳುವುದಿಲ್ಲ. ಮೊದಲ ಪೂರಿ ತಿಂದಾಗ ಅವರ ಮುಖ ನೋಡುವುದೇ ನನಗೆ ಒಂದು ಖುಷಿ.

ಒಂದು ಸಲ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದೆ ರಸ್ತೆ ಬದಿಯಲ್ಲಿ ನಿಲ್ಲಿಸಿದೆ. ದಂಡ ಬಿತ್ತು. ನಿಲ್ಲಿಸಬಾರದ ಜಾಗ ಅದು, ಕಟ್ಟಿದೆ. ಆದರೆ ಗಾಡಿಯಲ್ಲಿದ್ದ ಕುಟುಂಬದವರು "ಬೇಡಪ್ಪ, ಹೋಗೋಣ" ಅಂತ ಅರ್ಧಕ್ಕೇ ಎದ್ದುಬಿಟ್ಟರು. ತಟ್ಟೆಯಲ್ಲಿ ಮೂರು ಪೂರಿ ಹಾಗೇ ಉಳಿದವು. ಪಾನಿಪುರಿಯವನು ದುಡ್ಡು ಪೂರ್ತಿ ತೆಗೆದುಕೊಳ್ಳಲಿಲ್ಲ.

ಇನ್ನು ನಮ್ಮ ಜಿಲ್ಲೆಯ ವಿಚಿತ್ರ ಜಾಗಗಳು. ದೊಡ್ಡ ಕ್ಷೇತ್ರಗಳ ಪಟ್ಟಿ ಇಲಾಖೆಯವರ ಹತ್ತಿರ ಇದೆ. ನಾನು ಹೇಳುವುದು ಚಾಲಕನಾಗಿ ಕಂಡದ್ದು: ಎಲ್ಲಿ ನಿಂತರೆ ಮಕ್ಕಳು ಮೊಬೈಲ್ ಕೆಳಗಿಡುತ್ತಾರೆ ಅನ್ನುವುದು.

ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ. ಚೇಳಿನ ದೇವತೆ. ಅವಳಿಗೆ ನಡೆದುಕೊಂಡರೆ ಚೇಳು ಕಡಿಯುವುದಿಲ್ಲ ಅನ್ನುವ ನಂಬಿಕೆ. ಅಲ್ಲಿಯ ಹುಂಡಿ ನೆಲದಲ್ಲೇ ಕೊರೆದದ್ದು, ಕಾಸು ಒಳಗೆ ಹಾಕಬೇಕು. ಚೋಳರ ಕಾಲದ ಶಾಸನಗಳಿರುವ ಈ ಗುಡಿಯಲ್ಲಿ ಶಾಸನ ಓದುವವರು ಕಡಿಮೆ, ಆದರೆ ಚೇಳಮ್ಮನ ಮುಂದೆ ನಿಂತು ಕಥೆ ಕೇಳದ ಮಗುವನ್ನು ನಾನು ಕಂಡಿಲ್ಲ. ಅಲ್ಲಿಂದ ಅಂತರಗಂಗೆ ಹತ್ತಿರ. ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ. ಬರಗಾಲದ ಜಿಲ್ಲೆ ಅಂತ ಹೆಸರು ಹೊತ್ತ ಊರಿನಲ್ಲಿ, ಸಾವಿರ ಅಡಿ ಬೋರು ಕೊರೆದರೂ ನೀರು ಕಾಣದ ಕಡೆ, ಬಂಡೆಯ ಬೆಟ್ಟದ ಮೇಲೆ ನೀರು! ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೈ ಒಡ್ಡುತ್ತೇನೆ.

ಮುಳಬಾಗಿಲಿನಿಂದ ಸುಮಾರು 10 ಕಿ.ಮೀ. ಹೋದರೆ ಕುರುಡುಮಲೆ. ಒಂದೇ ಕಲ್ಲಿನ ಗಣಪ, 13 ಅಡಿಯ ಆಸುಪಾಸು. ಕೂಡುಮಲೆ ಅನ್ನುವುದೇ ಕುರುಡುಮಲೆ ಆಯಿತು, ದೇವತೆಗಳು ಕೂಡಿದ ಜಾಗ ಅನ್ನುತ್ತಾರೆ. ಹೊಸ ಗಾಡಿ ತೆಗೆದುಕೊಂಡಾಗ ನಾನು ಮೊದಲು ಓಡಿಸಿದ್ದು ಅಲ್ಲಿಗೇ. ಆವಣಿಯ ಬೆಟ್ಟದಲ್ಲಿ ಸೀತಮ್ಮನ ಗುಡಿ. ಲವಕುಶರು ಹುಟ್ಟಿದ ಜಾಗ ಅನ್ನುತ್ತಾರೆ. ಕೆಳಗೆ ರಾಮನ ಹೆಸರಿನಲ್ಲಿ, ಲಕ್ಷ್ಮಣನ ಹೆಸರಿನಲ್ಲಿ, ಭರತ, ಶತ್ರುಘ್ನರ ಹೆಸರಿನಲ್ಲಿ ಒಂದೊಂದು ಈಶ್ವರನ ಗುಡಿ. ನೊಳಂಬರ ಕಾಲದ ಕಲ್ಲಿನ ಕೆಲಸ. ಮಧ್ಯಾಹ್ನ ಹೋದರೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಆ ಮೌನಕ್ಕಾಗಿಯೇ ಮತ್ತೆ ಬರುವ ಪಾರ್ಟಿಗಳು ನನಗಿದ್ದಾರೆ.

ಕಮ್ಮಸಂದ್ರದ ಕೋಟಿಲಿಂಗೇಶ್ವರ ಎಲ್ಲರಿಗೂ ಗೊತ್ತು. 108 ಅಡಿಯ ಲಿಂಗ, ಎದುರಿಗೆ 35 ಅಡಿಯ ನಂದಿ, ಸುತ್ತ ಕಣ್ಣು ಹಾಯುವ ತನಕ ಲಿಂಗಗಳು. ಭಕ್ತರು ತಮ್ಮ ಹೆಸರಿನಲ್ಲಿ ಲಿಂಗ ಇಡಿಸುತ್ತಾರೆ. ಒಬ್ಬ ತಾಯಿ ತನ್ನ ಮಗನ ಹೆಸರಿನ ಲಿಂಗವನ್ನು ಎರಡು ಗಂಟೆ ಹುಡುಕಿ ಸಿಕ್ಕಾಗ ಅದನ್ನು ಸೆರಗಿನಿಂದ ಒರೆಸಿದ್ದು ನೋಡಿದ್ದೇನೆ. ಅಲ್ಲಿಂದ ಕೆಜಿಎಫ್ ದೂರವಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಭೂಮಿಯೊಳಗೆ 3 ಕಿ.ಮೀ.ಗಿಂತ ಆಳಕ್ಕೆ ಇಳಿದವರ ಊರು ಅದು. ಶಿವನಸಮುದ್ರದ ಕರೆಂಟು 1902ರಲ್ಲೇ ಬಂದ ಊರು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ದೂರದಿಂದ ಬೋಳು ಗುಡ್ಡದ ಹಾಗೆ ಕಾಣುತ್ತವೆ. ಅದರ ಮುಂದೆ ನಿಂತು ಫೋಟೊ ತೆಗೆಯುವವರಿಗೆ, ಬೇಸಿಗೆಯ ಗಾಳಿಗೆ ಆ ದೂಳು ಊರೊಳಗೆ ಬರುವುದನ್ನೂ ಹೇಳಬೇಕು. ಅಲ್ಲಿ ಹೇಳುವವರಿಲ್ಲ. ಕೆಲಸ ಹೋದ ಗಣಿ ಕಾರ್ಮಿಕರ ಮಕ್ಕಳೇ ಎಷ್ಟೋ ಜನ ಊರಿನಲ್ಲಿದ್ದಾರೆ, ಅವರಿಗಿಂತ ಚೆನ್ನಾಗಿ ಹೇಳುವವರು ಯಾರು?

ಮೇ ತಿಂಗಳಲ್ಲಿ ಬಂದರೆ ಶ್ರೀನಿವಾಸಪುರದ ಮಾವು. ಬಾದಾಮಿ, ರಸಪುರಿ, ಮಲ್ಲಿಕಾ. ರಸ್ತೆ ಬದಿಯಲ್ಲಿ ಟಾರ್ಪಾಲಿನ ಕೆಳಗೆ ರಾಶಿ. ಎಕ್ಸ್‌ಪ್ರೆಸ್‌ವೇನಲ್ಲಿ ಈ ರಾಶಿ ಹಾಕಲು ಆಗುವುದಿಲ್ಲ.

ಈಗ ನಾನು ಕೇಳುವುದನ್ನು ಕೇಳುತ್ತೇನೆ. ಕೋಟಿಗಟ್ಟಲೆ ದುಡ್ಡಿನ ಕೆಲಸ ಯಾವುದೂ ಇದರಲ್ಲಿಲ್ಲ.

ಮೊದಲು ಬೋರ್ಡ್. ಪ್ರವಾಸಿ ಸ್ಥಳಗಳಿಗೆ ಹೆದ್ದಾರಿಯಲ್ಲಿ ಕಂದು ಬಣ್ಣದ ಬೋರ್ಡ್ ಹಾಕುತ್ತೀರಿ. ಮುಳಬಾಗಿಲು ಬೈಪಾಸ್ ಕವಲೊಡೆಯುವ ಮುಂಚೆ, ಎರಡೂ ದಿಕ್ಕಿನಲ್ಲಿ, ಅಂಥ ಒಂದು ಬೋರ್ಡ್ ಬೇಕು. ಆಂಜನೇಯ ಗುಡಿ, ಕುರುಡುಮಲೆ, ಅದರ ಕೆಳಗೆ ಮುಳಬಾಗಿಲು ದೋಸೆ. ದೋಸೆಯ ಹೆಸರು ಸರ್ಕಾರಿ ಬೋರ್ಡಿನಲ್ಲಿ ಯಾಕೆ ಅಂತ ಯಾರಾದರೂ ಕೇಳಿದರೆ, ಧಾರವಾಡ ಪೇಡೆಗೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಕೊಟ್ಟ ದೇಶ ಇದು ಅಂತ ಹೇಳಿ. ತಿಂಡಿಯೂ ಊರಿನ ಆಸ್ತಿಯೇ ಅಲ್ವಾ? ಕನ್ನಡದ ಜೊತೆ ತೆಲುಗು, ತಮಿಳಿನಲ್ಲೂ ಬರೆಸಿ. ನಮ್ಮ ದಾರಿಯಲ್ಲಿ ಮೂರು ಭಾಷೆಯವರೂ ಬರುತ್ತಾರೆ. ನಮ್ಮ ಹೋಟೆಲಿನ ಹುಡುಗರು ಮೂರರಲ್ಲೂ ಬಿಲ್ ಹೇಳುತ್ತಾರೆ.

ತಿರುಗಿಸಿದ ಗಾಡಿಗೆ ಜಾಗ ಬೇಕು. ಊರೊಳಗೆ ಹೊಸ ಜಾಗ ಸಿಗುವುದು ಕಷ್ಟ, ಗೊತ್ತು. ಆದರೆ ತಿರುಪತಿ ಗಾಡಿಗಳು ಜಾಸ್ತಿ ಬರುವುದು ಶನಿವಾರ, ಭಾನುವಾರ, ರಜೆ ದಿನ. ಅವತ್ತು ಸರ್ಕಾರಿ ಕಚೇರಿಗಳ ಆವರಣ ಖಾಲಿ ಇರುತ್ತದೆ. ಬೆಳಿಗ್ಗೆ 6ರಿಂದ 10ರ ತನಕ ಗೇಟು ತೆಗೆಸಿಕೊಡಿ. ನಗರಸಭೆಯವರೇ ಹತ್ತು ರೂಪಾಯಿ ಚೀಟಿ ಹರಿಯಲಿ. ನಾವು ಸಂತೋಷವಾಗಿ ಕೊಡುತ್ತೇವೆ.

ಶೌಚಾಲಯದ ವಿಷಯ ಎಲ್ಲಕ್ಕಿಂತ ದೊಡ್ಡದು. ಇದನ್ನು ನಾನು ನಾಚಿಕೆ ಬಿಟ್ಟು ಬರೆಯುತ್ತೇನೆ. ಸಕ್ಕರೆ ಕಾಯಿಲೆ ಇದ್ದ ಒಬ್ಬ ತಾಯಿಯನ್ನು ಒಂದು ಸಲ ಕರೆದುಕೊಂಡು ಹೋಗುತ್ತಿದ್ದೆ. ದೊಡ್ಡ ಹೋಟೆಲೊಂದರಲ್ಲಿ ನಿಲ್ಲಿಸಿದೆ. ತಿಂಡಿ ತೆಗೆದುಕೊಂಡವರಿಗೆ ಮಾತ್ರ ಅಂದರು. ಆಕೆ ಬೇಕಿಲ್ಲದ ಒಂದು ಪ್ಲೇಟ್ ಇಡ್ಲಿಗೆ ಟೋಕನ್ ತೆಗೆದುಕೊಂಡು ಓಡಿದರು. ವಾಪಸ್ ಬಂದಾಗ ಅವರ ಕಣ್ಣಲ್ಲಿ ನೀರಿತ್ತು. ಹಾಗಂತ ನಮ್ಮ ಊರೊಳಗಿನ ಹಳೆಯ ಹೋಟೆಲಿಗೆ ಕರೆದುಕೊಂಡು ಹೋಗಲೂ ಆಗಲಿಲ್ಲ. ಅಲ್ಲಿ ಹೆಂಗಸರಿಗೆ ಶೌಚಾಲಯವೇ ಇಲ್ಲ. ಎಷ್ಟೋ ಕುಟುಂಬಗಳು ದೋಸೆ ಆಸೆ ಇದ್ದರೂ ಒಳಗೆ ಬರದೆ ಹೋಗುವುದಕ್ಕೆ ಇದೇ ಕಾರಣ. ಹಳೆಯ ಹೋಟೆಲುಗಳಿರುವ ಬೀದಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ಒಳ್ಳೆಯ ಶೌಚಾಲಯ ಬೇಕು. ನೀರು, ದೀಪ, ಚಿಲಕ ಇರಬೇಕು. ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು ಇರಬೇಕು, ಆಕೆಗೆ ಸಂಬಳ ಸರಿಯಾಗಿ ಬರಬೇಕು. ಕಟ್ಟಿ ಬೀಗ ಹಾಕುವ ಶೌಚಾಲಯ ಬೇಡ.

ಎಕ್ಸ್‌ಪ್ರೆಸ್‌ವೇಗಳಲ್ಲಿ ಸುಮಾರು 40ರಿಂದ 60 ಕಿ.ಮೀ.ಗೆ ಒಂದರಂತೆ ಪ್ರಯಾಣಿಕರ ತಂಗುದಾಣ ಮಾಡುವ ನಿಯಮ ಹೆದ್ದಾರಿ ಪ್ರಾಧಿಕಾರದಲ್ಲಿದೆ. ನಮ್ಮ ಜಿಲ್ಲೆಯ ಭಾಗದಲ್ಲಿ ಬರುವ ತಂಗುದಾಣದಲ್ಲಿ ಎರಡೇ ಎರಡು ಮಳಿಗೆ ಸ್ಥಳೀಯರಿಗೆ ಮೀಸಲಿಡಿ. ಬಾಡಿಗೆ ಅವರ ಕೈಗೆಟುಕುವಷ್ಟಿರಲಿ. ಒಂದರಲ್ಲಿ ಮುಳಬಾಗಿಲಿನ ಭಟ್ಟರು ದೋಸೆ ಹುಯ್ಯಲಿ, ಇನ್ನೊಂದರಲ್ಲಿ ಬಂಗಾರಪೇಟೆಯವರು ಪೂರಿ ಒಡೆಯಲಿ. ಮಾವಿನ ಕಾಲದಲ್ಲಿ ರೈತರಿಗೆ ಒಂದು ಚಪ್ಪರ. ಬೇಲಿ ದಾಟಿ ನಾವು ಹೋಗಲು ಆಗದಿದ್ದರೆ ಬೇಲಿಯೊಳಗೇ ನಮಗೊಂದು ಜಾಗ ಕೊಡಿ.

ಪಾನಿಪುರಿ ಗಾಡಿಯವರ ಬಗ್ಗೆ ಕಾನೂನೇ ಇದೆ. ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದಿದ್ದು 2014ರಲ್ಲಿ. ಸಮೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟು, ವ್ಯಾಪಾರಕ್ಕೆ ಜಾಗ ಗುರುತಿಸಬೇಕು ಅನ್ನುತ್ತದೆ ಅದು. ಬಂಗಾರಪೇಟೆಯ ಗಾಡಿಗಳಿಗೆ ಒಂದು ಸಂಜೆ ಬೀದಿ ಮಾಡಿಕೊಡಿ. ಒಳ್ಳೆಯ ನೀರಿನ ನಲ್ಲಿ ಇರಲಿ. ಪಾನಿಪುರಿ ಅಂದರೆ ನೀರೇ. ನೀರು ಶುದ್ಧ ಅಂತ ಜನಕ್ಕೆ ನಂಬಿಕೆ ಬಂದರೆ ಬೆಂಗಳೂರಿನಿಂದ ಬರೀ ಇದಕ್ಕಾಗಿಯೇ ಬರುತ್ತಾರೆ.

ಹಳೆಯ ಹೋಟೆಲುಗಳ ಒಂದು ಪಟ್ಟಿ ಮಾಡಿಸಿ. 50 ವರ್ಷ ದಾಟಿದವು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಅಂತ ನೋಡಿ. ದೋಸೆ ಹೋಟೆಲ್, ಮುದ್ದೆ ಊಟದ ಮಿಲಿಟ್ರಿ ಹೋಟೆಲ್, ರೈಲ್ವೆ ಸ್ಟೇಷನ್ ಪಕ್ಕದ ಟೀ ಅಂಗಡಿ, ಯಾವುದಾದರೂ ಸರಿ. ಶುರುವಾದ ವರ್ಷ ಕೆತ್ತಿದ ಒಂದು ಸಣ್ಣ ಕಲ್ಲು ಬಾಗಿಲ ಪಕ್ಕ ಇಡಿ. ಮುಂದೆ ರಸ್ತೆ ಅಗಲ ಮಾಡುವಾಗ ಆ ಪಟ್ಟಿ ನೋಡಿ ಗುರುತು ಹಾಕಲಿ. ಒಡೆಯಲೇಬೇಕಾದರೆ ಅದೇ ಬೀದಿಯಲ್ಲಿ ಬದಲಿ ಜಾಗ ಕೊಟ್ಟು ಆಮೇಲೆ ಒಡೆಯಲಿ. ಪರಿಹಾರದ ಹಣ ಗೋಡೆಗೆ ಸಿಗುತ್ತದೆ. ಬೆಳಿಗ್ಗೆ ಐದಕ್ಕೆ ಬರುವ ಗಿರಾಕಿಗೆ ಯಾರೂ ಬೆಲೆ ಕಟ್ಟುವುದಿಲ್ಲ.

ನಮ್ಮ ಕಡೆಯವರಿಗೂ ನಾಲ್ಕು ಮಾತು ಹೇಳದಿದ್ದರೆ ಈ ಪತ್ರ ಪೂರ್ತಿ ಆಗುವುದಿಲ್ಲ. ಹೋಟೆಲಿನ ಅಣ್ಣಂದಿರೇ, ಬೆಲೆ ಬೋರ್ಡ್ ಹಾಕಿ. ಹೊರ ಊರಿನವರಿಗೆ ಒಂದು ರೇಟು, ಊರವರಿಗೆ ಒಂದು ರೇಟು ಬೇಡ. ಟೇಬಲ್ ಒರೆಸುವ ಬಟ್ಟೆ ದಿನಾ ಬದಲಾಯಿಸಿ. ತುಪ್ಪ ಅಂತ ಹೇಳಿದ ಮೇಲೆ ತುಪ್ಪವೇ ಇರಲಿ. ಗುಡಿಗಳ ಹತ್ತಿರ ಪ್ಲಾಸ್ಟಿಕ್ ತಟ್ಟೆ ಎಸೆಯುವವರಲ್ಲಿ ನಮ್ಮ ಗಿರಾಕಿಗಳೂ ಇದ್ದಾರೆ. ಎಲೆ ಕೊಡಿ, ಮುತ್ತುಗದ ಎಲೆ ಈಗಲೂ ಸಿಗುತ್ತದೆ.

ಚಾಲಕ ಗೆಳೆಯರೇ, ನಿಮಗೂ ಒಂದು ಮಾತು. ದೊಡ್ಡ ಫುಡ್ ಕೋರ್ಟ್‌ಗಳಲ್ಲಿ ಪಾರ್ಟಿ ಕರೆದುಕೊಂಡು ಹೋದರೆ ನಮಗೆ ಊಟ ಫ್ರೀ. ಕೆಲವು ಕಡೆ ಕೈಗೆ ದುಡ್ಡೂ ಬರುತ್ತದೆ. ಸಣ್ಣ ಹೋಟೆಲಿನವರು ಅದನ್ನು ಕೊಡಲಾರರು. ನಾನೂ ವರ್ಷಗಟ್ಟಲೆ ಆ ಊಟ ಉಂಡಿದ್ದೇನೆ. ಕಾರ್ತಿಕದ ಆ ದಿನದಿಂದ ಬಿಟ್ಟಿದ್ದೇನೆ. ನನ್ನ ದೋಸೆಗೆ ನಾನೇ ದುಡ್ಡು ಕೊಡುತ್ತೇನೆ. ಪಾರ್ಟಿಗಳು ಮತ್ತೆ ನನ್ನನ್ನೇ ಕರೆಯುತ್ತಾರೆ. ನಷ್ಟ ಆಗಿಲ್ಲ.

ಜಿಲ್ಲಾಧಿಕಾರಿಗಳೇ, ಕೊನೆಯದಾಗಿ ಒಂದು ವಿನಂತಿ. ಒಂದು ಭಾನುವಾರ ನನಗೆ ಕೊಡಿ. ಸರ್ಕಾರಿ ಗಾಡಿ ಬೇಡ, ನನ್ನ ಗಾಡಿಯಲ್ಲಿ ಬನ್ನಿ. ಬಾಡಿಗೆ ಬೇಡ. ಪ್ರವಾಸೋದ್ಯಮದವರು ಒಬ್ಬರು, ಹೆದ್ದಾರಿಯವರು ಒಬ್ಬರು ಜೊತೆಗಿರಲಿ. ಬೆಳಿಗ್ಗೆ 6ಕ್ಕೆ ಕೋಲಾರದ ಕ್ಲಾಕ್ ಟವರ್ ಹತ್ತಿರ ನಿಂತಿರುತ್ತೇನೆ. ಮೊದಲು ಅಂತರಗಂಗೆ. ಎಂಟಕ್ಕೆ ಮುಳಬಾಗಿಲು. ದೋಸೆ ಆದ ಮೇಲೆ ಕುರುಡುಮಲೆ, ಆವಣಿ. ಮಧ್ಯಾಹ್ನ ಕೆಜಿಎಫ್ ಕಡೆ ಮುದ್ದೆ ಊಟ. ಬಿಸಿಲು ಇಳಿದ ಮೇಲೆ ಕೋಟಿಲಿಂಗ. ಸಂಜೆ ಬಂಗಾರಪೇಟೆ. ರಾತ್ರಿ 8ಕ್ಕೆ ನಿಮ್ಮನ್ನು ಮನೆಗೆ ಬಿಡುತ್ತೇನೆ. ದಾರಿಯಲ್ಲಿ ಎಲ್ಲೆಲ್ಲಿ ಬೋರ್ಡ್ ಬೇಕು, ಎಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಎಲ್ಲಿ ಹೆಂಗಸರು ಕಷ್ಟಪಡುತ್ತಾರೆ, ಒಂದೊಂದನ್ನೂ ಇಳಿದು ತೋರಿಸುತ್ತೇನೆ. ಆ ಚರಂಡಿಯ ಚಪ್ಪಡಿಯನ್ನೂ ತೋರಿಸುತ್ತೇನೆ. ಅದರ ಮೇಲೆ ಒಂದು ಕಲ್ಲಿನ ಜಗಲಿ ಕೂರುತ್ತದೆ. ಅಳತೆ ಮಾಡಿ ನೋಡಿದ್ದೇನೆ. ಆರೂವರೆ ಅಡಿ ಉದ್ದ, ಎರಡಡಿ ಅಗಲ. ಚರಂಡಿಗೆ ತೊಂದರೆ ಆಗುವುದಿಲ್ಲ.

ಅಜ್ಜ ಅಜ್ಜಿ ಬರುವ ಕಾರ್ತಿಕಕ್ಕೆ ಮತ್ತೆ ಹೊರಡುತ್ತಾರಂತೆ. ಈಗಲೇ ನನ್ನ ಗಾಡಿ ಹೇಳಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಮುಳಬಾಗಿಲಿನ ಒಬ್ಬ ಟ್ಯಾಕ್ಸಿ ಚಾಲಕ